ಮಧುಮೇಹ ಚಿಕಿತ್ಸೆಯಲ್ಲಿ ಸೂತ್ರವೂ ಆಚರಣೆಯೂ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

1. ವಿಷಯ ಪ್ರವೇಶ

ರೋಗವೊಂದಕ್ಕೆ ಯಾವ ಚಿಕಿತ್ಸೆ ಹಿತವೆಂಬುದನ್ನು ಶಾಸ್ತ್ರವು ಗೊತ್ತುಮಾಡುವುದು ಒಂದು ಕೆಲಸ. ಆ ಚಿಕಿತ್ಸೆ ರೋಗಿಗೆ ವಾಸ್ತವವಾಗಿ ದೊರೆಯುವಂತಾಗುವುದು ಇನ್ನೊಂದು ಕೆಲಸ. ಮೊದಲನೆಯದು ಮುಗಿದೊಡನೆ ಎರಡನೆಯದೂ ತಾನಾಗಿಯೇ ನೆರವೇರುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹಾಗೆ ಆಗುವುದಿಲ್ಲವೆಂಬುದಕ್ಕೆ ಮಧುಮೇಹಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಈ ರೋಗದ ವಿಷಯದಲ್ಲಿ ಮಾಡಬೇಕಾದುದೇನು ಎಂಬುದು ಬಹುಮಟ್ಟಿಗೆ ನಿರ್ಣಯವಾಗಿದೆ. ಅದನ್ನು ಬರೆದಿಟ್ಟ ಮಾರ್ಗದರ್ಶಿ ಸೂತ್ರಗಳೂ ಉಂಟು. ಆದರೂ ಪಾದದ ಹುಣ್ಣು ಬಲಿತು ಕಾಲು ಕಳೆದುಕೊಳ್ಳುವವರು, ಕಣ್ಣು ಮಂಕಾದ ಮೇಲೆ ವೈದ್ಯರನ್ನು ಅರಸಿ ಹೋಗುವವರು, ಮೂತ್ರಪಿಂಡ ಸೋತು ಡಯಾಲಿಸಿಸ್ ಯಂತ್ರವನ್ನು ಆಶ್ರಯಿಸುವವರು ನಮ್ಮ ನಡುವೆ ವಿರಳರಲ್ಲ.

ಈ ಅಂತರವನ್ನು ಅಳೆಯುವುದು ಹೇಗೆ, ಅದಕ್ಕೆ ಕಾರಣವೇನು, ಅದನ್ನು ತುಂಬುವ ದಾರಿ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ವಿವೇಚನೆಯು ನೆಲವನ್ನು ಬಿಟ್ಟು ಹೋಗದಿರಲೆಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳನ್ನು ಕಣ್ಣ ಮುಂದಿರಿಸಿಕೊಂಡಿದ್ದೇವೆ. ಇವು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಈಚೆಗೆ ಕನಕಪುರದಿಂದ ಹಾರೋಹಳ್ಳಿಯು ಪ್ರತ್ಯೇಕ ತಾಲ್ಲೂಕಾಗಿದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 10 ಲಕ್ಷ 82 ಸಾವಿರ. ಮಹಾನಗರದ ಮಗ್ಗುಲಲ್ಲಿದ್ದರೂ ಇದು ಬೇಸಾಯ, ರೇಷ್ಮೆ, ಕೈಕಸಬುಗಳ ಸೀಮೆ. ಮಧುಮೇಹವು ಪಟ್ಟಣಿಗರ ರೋಗವೆಂಬ ಹಳೆಯ ಕಲ್ಪನೆಯನ್ನು ಇಂಥ ಸೀಮೆಯಲ್ಲಿಯೇ ಪರೀಕ್ಷಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ‘ಇಂಡಿಯಾಬ್’ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇಕಡ 11.4ರಷ್ಟು ಮಂದಿಗೆ, ಎಂದರೆ ಸುಮಾರು 10 ಕೋಟಿ ಜನರಿಗೆ, ಮಧುಮೇಹವಿದೆ. ಪಟ್ಟಣಗಳಲ್ಲಿ ಇದು ಶೇಕಡ 16.4, ಹಳ್ಳಿಗಳಲ್ಲಿ 8.9. ಹಳ್ಳಿಯ ಪ್ರಮಾಣ ಕಡಿಮೆಯೆಂದು ಸಮಾಧಾನಪಡುವಂತಿಲ್ಲ; ಹಳ್ಳಿಗರ ಸಂಖ್ಯೆಯೇ ಹೆಚ್ಚಾದುದರಿಂದ ರೋಗಿಗಳ ಸಂಖ್ಯೆಯೂ ಅಲ್ಲಿ ದೊಡ್ಡದಾಗಿಯೇ ಇದೆ.

2. ಸೂತ್ರಗಳು ವಿಧಿಸುವುದೇನು

ಮಾರ್ಗದರ್ಶಿ ಸೂತ್ರವೆಂದರೆ ಯಾರೋ ಕೆಲವು ಹಿರಿಯರ ಅಭಿಪ್ರಾಯವಲ್ಲ. ಅದರ ಬೆನ್ನಿಗೆ ದೀರ್ಘಕಾಲದ ಪ್ರಯೋಗಗಳಿವೆ. ಬಾಲ್ಯ ತಾರುಣ್ಯಗಳಲ್ಲಿ ತಲೆದೋರುವ ಮೊದಲನೆಯ ಬಗೆಯ ಮಧುಮೇಹದಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟರೆ ಕಣ್ಣಿನ ಅಕ್ಷಿಪಟಲಕ್ಕೆ ಹಾನಿ ತಗಲುವ ಸಂಭವ ಶೇಕಡ 76ರಷ್ಟು ತಗ್ಗುವುದೆಂದು 1993ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ತೋರಿಸಿತು. ವಯಸ್ಕರಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ಬಗೆಯ ಮಧುಮೇಹದಲ್ಲಿ ಬಿಗಿಯಾದ ಚಿಕಿತ್ಸೆಯಿಂದ ಸೂಕ್ಷ್ಮ ರಕ್ತನಾಳಗಳ ತೊಂದರೆಗಳು ಶೇಕಡ 25ರಷ್ಟು ಕಡಿಮೆಯಾಗುವುವೆಂದು 1977ರಲ್ಲಿ ಆರಂಭವಾಗಿ 1998ರಲ್ಲಿ ಫಲಿತಾಂಶ ಪ್ರಕಟಿಸಿದ ಬ್ರಿಟನ್ನಿನ ಪ್ರಯೋಗವು ತಿಳಿಸಿತು. ಅದೇ ಪ್ರಯೋಗದ ಇನ್ನೊಂದು ಭಾಗದಲ್ಲಿ, ರಕ್ತದೊತ್ತಡವನ್ನು ಚೆನ್ನಾಗಿ ಇಳಿಸಿದವರಲ್ಲಿ ಪಾರ್ಶ್ವವಾಯು ಶೇಕಡ 44ರಷ್ಟು ತಗ್ಗಿತು. ಮಧುಮೇಹವೆಂದರೆ ಸಕ್ಕರೆಯೊಂದರದೇ ಲೆಕ್ಕವಲ್ಲ ಎಂಬುದು ಇದರಿಂದ ಸ್ಥಿರಪಟ್ಟಿತು.

ಇಂಥ ಆಧಾರಗಳ ಮೇಲೆ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿಯು 2005ರಲ್ಲಿ ಸೂತ್ರಗಳನ್ನು ಹೊರತಂದು 2018ರಲ್ಲಿ ಪರಿಷ್ಕರಿಸಿತು. ದೇಶದ ಮಧುಮೇಹ ತಜ್ಞರ ಸಂಘವೂ ತನ್ನ ಶಿಫಾರಸುಗಳನ್ನು ಪ್ರಕಟಿಸುತ್ತ ಬಂದಿದೆ. ವಿವರಗಳಲ್ಲಿ ಅಲ್ಪಸ್ವಲ್ಪ ಭೇದವಿದ್ದರೂ ಇವೆಲ್ಲದರ ತಿರುಳು ಒಂದೇ.

ಮೊದಲನೆಯದು ಸಕ್ಕರೆಯ ಅಳತೆ. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯನ್ನು ಹಿಡಿತ ಸಾಧಿಸಿದವರಲ್ಲಿ ವರ್ಷಕ್ಕೆ ಎರಡು ಬಾರಿ, ಉಳಿದವರಲ್ಲಿ ಮೂರು ತಿಂಗಳಿಗೊಮ್ಮೆ ಮಾಡಿಸಬೇಕು. ಬಹುತೇಕ ರೋಗಿಗಳಿಗೆ ಗುರಿ ಶೇಕಡ 7ರ ಒಳಗೆ. ಎರಡನೆಯದು ಪ್ರತಿ ಭೇಟಿಯಲ್ಲಿಯೂ ರಕ್ತದೊತ್ತಡದ ಅಳತೆ. ಮೂರನೆಯದು ಕೊಬ್ಬಿನಂಶದ ಪರೀಕ್ಷೆ. ನಲವತ್ತು ದಾಟಿದ ಬಹುಮಂದಿ ರೋಗಿಗಳಿಗೆ ಸ್ಟ್ಯಾಟಿನ್ ಔಷಧ. ನಾಲ್ಕನೆಯದು ವರ್ಷಕ್ಕೊಮ್ಮೆ ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದೆಯೇ ಎಂಬುದರ ಪರೀಕ್ಷೆ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆ. ಐದನೆಯದು ಪಾಪೆಯನ್ನು ಹಿಗ್ಗಿಸಿ ನೋಡುವ ಕಣ್ಣಿನ ಪರೀಕ್ಷೆ. ಎರಡನೆಯ ಬಗೆಯ ಮಧುಮೇಹದಲ್ಲಿ ಇದನ್ನು ರೋಗ ಪತ್ತೆಯಾದಾಗಲೇ ಆರಂಭಿಸಬೇಕು. ಆರನೆಯದು ಪಾದದ ಪರೀಕ್ಷೆ: ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ ಸ್ಪರ್ಶಜ್ಞಾನವಿದೆಯೇ ಎಂದು ಕೇಳುವುದು, ನಾಡಿಯನ್ನು ಮುಟ್ಟಿ ನೋಡುವುದು, ಬಿರುಕು ಆಣಿ ಹುಣ್ಣುಗಳನ್ನು ಗಮನಿಸುವುದು. ಇವುಗಳ ಜೊತೆಗೆ ಆಹಾರ, ವ್ಯಾಯಾಮ, ತಂಬಾಕು ಬಿಡುವುದು ಇವುಗಳ ಬಗೆಗೆ ಬುದ್ಧಿಮಾತು. ಔಷಧಗಳಲ್ಲಿ ಸಾಮಾನ್ಯವಾಗಿ ಮೊದಲು ಮೆಟ್‌ಫಾರ್ಮಿನ್.

ಈ ಪಟ್ಟಿಯನ್ನು ನೋಡಿದವರಿಗೆ ಒಂದು ಅಂಶ ಹೊಳೆಯದಿರದು. ಇದರಲ್ಲಿ ಅಸಾಧಾರಣ ಪಾಂಡಿತ್ಯವನ್ನಾಗಲಿ ಅತಿ ಬೆಲೆಯ ಯಂತ್ರವನ್ನಾಗಲಿ ಬೇಡುವ ಅಂಶಗಳು ಕಡಿಮೆ. ಪಾದ ಪರೀಕ್ಷೆಗೆ ಬೇಕಾದುದು ಒಂದು ಎಳೆ ಮತ್ತು ಮೂರು ನಿಮಿಷ. ಹಾಗಿದ್ದೂ ಅದು ಏಕೆ ತಪ್ಪಿಹೋಗುತ್ತದೆ ಎಂಬುದೇ ನಮ್ಮ ಪ್ರಶ್ನೆ.

3. ಅನುಸರಣೆಯನ್ನು ಅಳೆಯುವ ಬಗೆ

ಚಿಕಿತ್ಸೆಯ ಗುಣಮಟ್ಟವನ್ನು ಸಲಕರಣೆ, ಕ್ರಿಯೆ, ಫಲ ಎಂಬ ಮೂರು ನೆಲೆಗಳಲ್ಲಿ ನೋಡಬೇಕೆಂದು ಅವೆಡಿಸ್ ಡೊನಬೇಡಿಯನ್ ಎಂಬ ವಿದ್ವಾಂಸರು 1966ರಲ್ಲಿ ಪ್ರತಿಪಾದಿಸಿದರು. ಆಸ್ಪತ್ರೆಯಲ್ಲಿ ಪ್ರಯೋಗಾಲಯವಿದೆಯೇ ಎಂಬುದು ಸಲಕರಣೆಯ ಪ್ರಶ್ನೆ. ಪರೀಕ್ಷೆ ನಡೆಯಿತೇ ಎಂಬುದು ಕ್ರಿಯೆಯ ಪ್ರಶ್ನೆ. ಸಕ್ಕರೆ ಇಳಿಯಿತೇ ಎಂಬುದು ಫಲದ ಪ್ರಶ್ನೆ. ವೈದ್ಯರು ಸೂತ್ರವನ್ನು ಅನುಸರಿಸುವರೇ ಎಂಬ ವಿಚಾರವು ಮುಖ್ಯವಾಗಿ ಎರಡನೆಯದಕ್ಕೆ ಸೇರಿದ್ದು.

ಕ್ರಿಯೆಯನ್ನು ತಿಳಿಯಲು ಮೂರು ಉಪಾಯಗಳುಂಟು. ವೈದ್ಯರನ್ನೇ ಪ್ರಶ್ನಿಸುವುದು ಅತಿ ಸುಲಭವಾದದ್ದು. ಆದರೆ ಅದರಿಂದ ತಿಳಿಯುವುದು ಅವರ ಜ್ಞಾನವೇ ಹೊರತು ನಡತೆಯಲ್ಲ. ದಾಖಲೆಗಳನ್ನು ಓದುವುದು ಎರಡನೆಯ ಉಪಾಯ. ಮಾಡಿಯೂ ಬರೆಯದಿದ್ದ ಕೆಲಸ ಇಲ್ಲಿ ಮಾಡದ ಕೆಲಸವೆಂದು ಎಣಿಕೆಯಾಗುತ್ತದೆ. ತರಬೇತಾದವರನ್ನು ರೋಗಿಗಳಂತೆ ಕಳುಹಿಸಿ ವೈದ್ಯರು ಮಾಡುವುದನ್ನು ಗುರುತು ಮಾಡಿಕೊಳ್ಳುವುದು ಮೂರನೆಯದು. ಇದು ಸತ್ಯಕ್ಕೆ ಹೆಚ್ಚು ಹತ್ತಿರವಾದರೂ, ವರ್ಷಗಟ್ಟಲೆ ಒಬ್ಬರೇ ವೈದ್ಯರಲ್ಲಿಗೆ ಹೋಗಿಬರುವ ಮಧುಮೇಹಿಯ ಅನುಭವವನ್ನು ಒಂದು ಭೇಟಿಯ ವೇಷಧಾರಿ ಪೂರ್ತಿಯಾಗಿ ತೋರಿಸಲಾರನು.

ಈ ಉಪಾಯಗಳ ಫಲಗಳನ್ನು ಒಂದಕ್ಕೊಂದು ಹೋಲಿಸಿದಾಗ ಮಹತ್ತ್ವದ ಸಂಗತಿಯೊಂದು ಹೊರಬೀಳುತ್ತದೆ. ಜಿಷ್ಣು ದಾಸ್ ಮತ್ತು ಜೆಫ್ರಿ ಹ್ಯಾಮರ್ ಎಂಬ ಅರ್ಥಶಾಸ್ತ್ರಜ್ಞರು ದೆಹಲಿಯ ವೈದ್ಯರಿಗೆ ಮೊದಲು ಪ್ರಶ್ನೆಗಳನ್ನು ಕೊಟ್ಟು, ಬಳಿಕ ಅವರ ಚಿಕಿತ್ಸಾಲಯಗಳಲ್ಲಿ ಕುಳಿತು ನಡೆಯುವುದನ್ನು ನೋಡಿದರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಿಂದ ತಿಳಿದುಬಂದುದೇನೆಂದರೆ, ವೈದ್ಯರು ತಮಗೆ ತಿಳಿದಿರುವುದಕ್ಕಿಂತ ಗಣನೀಯವಾಗಿ ಕಡಿಮೆ ಮಾಡುತ್ತಾರೆ. ಇದು ಬಡದೇಶಗಳಿಗೆ ಮಾತ್ರ ಸೇರಿದ ದೋಷವೂ ಅಲ್ಲ. ಅಮೆರಿಕದಲ್ಲಿ ಎಲಿಜಬೆತ್ ಮೆಕ್‌ಗ್ಲಿನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧುಮೇಹಿಗಳಿಗೆ ಸೂತ್ರದಂತೆ ದೊರೆಯಬೇಕಾದ ಸೇವೆಯಲ್ಲಿ ದೊರೆತದ್ದು ಶೇಕಡ 45ರಷ್ಟು. ಎರಡು ವರ್ಷಗಳಲ್ಲಿ ಮೂರು ಬಾರಿಯಾದರೂ ಎಚ್‌ಬಿಎ1ಸಿ ಪರೀಕ್ಷೆ ನಡೆದದ್ದು ಶೇಕಡ 24 ಮಂದಿಗೆ ಮಾತ್ರ. ಐಶ್ವರ್ಯವೂ ಪ್ರಯೋಗಾಲಯಗಳೂ ತುಂಬಿರುವ ದೇಶದ ಲೆಕ್ಕವಿದು.

4. ಮೂರು ಗುರಿಗಳ ಗುಣಾಕಾರ

ಭಾರತದ ಸ್ಥಿತಿಯನ್ನು ತಿಳಿಸುವ ಅಂಕಿಗಳು ‘ಇಂಡಿಯಾಬ್’ ಸಮೀಕ್ಷೆಯಿಂದ 2022ರಲ್ಲಿ ಹೊರಬಿದ್ದವು. ತಮಗೆ ಮಧುಮೇಹವಿದೆಯೆಂದು ತಿಳಿದಿದ್ದವರಲ್ಲಿ ಸಕ್ಕರೆಯ ಗುರಿಯನ್ನು ಮುಟ್ಟಿದ್ದವರು ಶೇಕಡ 36.3, ರಕ್ತದೊತ್ತಡದ ಗುರಿಯನ್ನು ಮುಟ್ಟಿದ್ದವರು 48.8, ಕೊಬ್ಬಿನ ಗುರಿಯನ್ನು ಮುಟ್ಟಿದ್ದವರು 41.5. ಮೂರನ್ನೂ ಒಟ್ಟಿಗೆ ಮುಟ್ಟಿದ್ದವರು ಶೇಕಡ 7.7 ಮಾತ್ರ.

ಈ ಕೊನೆಯ ಅಂಕಿಯನ್ನು ಕಂಡು ಬೆರಗಾಗುವುದು ಸಹಜ. ಆದರೆ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡಬೇಕು. ಮೂರು ಪ್ರಮಾಣಗಳನ್ನು ಒಂದರಿಂದೊಂದು ಗುಣಿಸಿದರೆ ಶೇಕಡ 7.4ರ ಹತ್ತಿರ ಬರುತ್ತದೆ. ಸಮೀಕ್ಷೆಯಲ್ಲಿ ಕಂಡ 7.7ಕ್ಕೂ ಇದಕ್ಕೂ ಅಂತರ ಅತ್ಯಲ್ಪ. ಸಂಭವಶಾಸ್ತ್ರದಂತೆ, ಪರಸ್ಪರ ಸಂಬಂಧವಿಲ್ಲದ ಘಟನೆಗಳು ಒಟ್ಟಿಗೆ ನಡೆಯುವ ಸಂಭವವು ಅವುಗಳ ಬಿಡಿ ಸಂಭವಗಳ ಗುಣಲಬ್ಧ. ಎಂದಮೇಲೆ, ಸಕ್ಕರೆಯ ಹಿಡಿತ ಸಾಧಿಸಿದ ರೋಗಿಗೆ ರಕ್ತದೊತ್ತಡದ ಹಿಡಿತವೂ ಸಾಧಿಸಿರುವ ಸಂಭವ ಉಳಿದವರಿಗಿಂತ ಹೆಚ್ಚೇನೂ ಇಲ್ಲ. ಒಂದೇ ಕ್ರಮಕ್ಕೆ ಒಳಪಟ್ಟು, ಒಂದೇ ಕಣ್ಣಿನ ಕಾವಲಿನಲ್ಲಿ ಚಿಕಿತ್ಸೆ ನಡೆದಿದ್ದರೆ ಈ ಮೂರೂ ಒಟ್ಟೊಟ್ಟಿಗೆ ಏರಬೇಕಾಗಿತ್ತು. ಅವು ಬಿಡಿಬಿಡಿಯಾಗಿ ನಡೆಯುತ್ತಿವೆ ಎಂಬುದನ್ನೇ ಈ ಗುಣಾಕಾರವು ಸೂಚಿಸುತ್ತದೆ. ಗುರಿ ಮುಟ್ಟುವುದರಲ್ಲಿ ರೋಗಿಯ ಊಟ, ದುಡಿಮೆ, ಹಣಗಳ ಪಾಲೂ ಇರುವುದರಿಂದ ಇದನ್ನೆಲ್ಲ ವೈದ್ಯರ ತಲೆಗೆ ಕಟ್ಟಲಾಗದು. ಆದರೆ ಕ್ರಮದ ಅಭಾವವನ್ನು ಅಲ್ಲಗಳೆಯಲೂ ಆಗದು.

ಇದೇ ನಿಯಮವು ವೈದ್ಯರ ಕ್ರಿಯೆಗಳಿಗೂ ಅನ್ವಯಿಸುತ್ತದೆ. ಒಬ್ಬ ವೈದ್ಯರು ಐದು ಕರ್ತವ್ಯಗಳಲ್ಲಿ ಪ್ರತಿಯೊಂದನ್ನೂ ನೂರಕ್ಕೆ ಎಂಬತ್ತು ರೋಗಿಗಳಲ್ಲಿ ನೆರವೇರಿಸುವರೆಂದು ಇಟ್ಟುಕೊಳ್ಳೋಣ. ಇದು ಮೇಲ್ನೋಟಕ್ಕೆ ಶ್ಲಾಘ್ಯವಾದ ಸಾಧನೆ. ಆದರೆ ಬಿಟ್ಟುಹೋಗುವುದು ಯಾದೃಚ್ಛಿಕವಾಗಿದ್ದರೆ ಐದನ್ನೂ ಪಡೆಯುವ ರೋಗಿಗಳು ನೂರಕ್ಕೆ 33 ಮಂದಿ ಮಾತ್ರ. ತಪ್ಪಿಹೋದ ಒಂದು ಕರ್ತವ್ಯವೇ ಕಣ್ಣಿನದೋ ಕಾಲಿನದೋ ಆಗಿದ್ದರೆ, ಉಳಿದ ನಾಲ್ಕನ್ನು ಮಾಡಿದ್ದರಿಂದ ಆ ಕಣ್ಣು ಆ ಕಾಲು ಉಳಿಯುವುವೆಂಬ ಭರವಸೆಯಿಲ್ಲ.

5. ಅಂತರಕ್ಕೆ ಕಾರಣಗಳು

ವೈದ್ಯರು ಸೂತ್ರಗಳನ್ನು ಏಕೆ ಅನುಸರಿಸುವುದಿಲ್ಲ ಎಂಬ ಪ್ರಶ್ನೆಯನ್ನು ಕುರಿತು ಮೈಕೇಲ್ ಕಬಾನ ಮತ್ತು ಸಂಗಡಿಗರು 1999ರಲ್ಲಿ 76 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಅವರು ಕಂಡ ಅಡ್ಡಿಗಳನ್ನು ಮೂರು ಗುಂಪಾಗಿಸಬಹುದು: ಸೂತ್ರದ ಅರಿವಿಲ್ಲದಿರುವುದು, ಅರಿವಿದ್ದರೂ ಒಪ್ಪಿಗೆಯಾಗಲಿ ನಂಬಿಕೆಯಾಗಲಿ ಇಲ್ಲದಿರುವುದು, ಇವೆರಡೂ ಇದ್ದು ಹೊರಗಿನ ಸಂದರ್ಭ ಒದಗದಿರುವುದು. ಇವುಗಳ ಜೊತೆಗೆ, ಸಕ್ಕರೆ ಏರಿದೆಯೆಂದು ಕಂಡೂ ಔಷಧವನ್ನು ಹೆಚ್ಚಿಸದೆ ‘ಇನ್ನೊಂದು ತಿಂಗಳು ನೋಡೋಣ’ ಎಂದು ಮುಂದೂಡುವ ಪ್ರವೃತ್ತಿಯೊಂದುಂಟು. ಲಾರೆನ್ಸ್ ಫಿಲಿಪ್ಸ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಚಿಕಿತ್ಸೆಯ ಜಡತ್ವವೆಂದು ಕರೆದರು. ಇನ್ಸುಲಿನ್ನಿಗೆ ಕಾಲ ಬಂದಾಗ ಈ ಜಡತ್ವ ವಿಶೇಷವಾಗಿ ಕಾಣುತ್ತದೆ. ಸೂಜಿ ಹಿಡಿದರೆ ಕೊನೆಯ ಹಂತ ಬಂದಂತೆ ಎಂಬ ಭಯ ರೋಗಿಗಿದೆ. ಆ ಭಯವನ್ನು ಬಿಡಿಸಿ ಹೇಳಲು ವೈದ್ಯರಿಗೆ ಬಿಡುವಿಲ್ಲ. ಇಬ್ಬರೂ ಸೇರಿ ಮುಂದೂಡುತ್ತಾರೆ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬಂದರೆ, ಹೊರಗಿನ ಸಂದರ್ಭ ಎಂಬ ಮಾತಿಗೆ ಮೈಬರುತ್ತದೆ. ರಾಮನಗರದಲ್ಲಿ ದೇಶದ ಅತಿ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲೊಂದಿದೆ; ನೂಲು ಬಿಚ್ಚಾಣಿಕೆ ಇಲ್ಲಿನ ಜೀವನೋಪಾಯ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯನ್ನು ತೆಗೆಯುವವರ ಬೆರಳಿನ ಸ್ಪರ್ಶವೇ ಅವರ ಕಸಬಿನ ಬಂಡವಾಳ. ಮಧುಮೇಹದಿಂದ ಸಾಮಾನ್ಯವಾಗಿ ಪಾದದಲ್ಲಿ ಆರಂಭವಾಗುವ ನರಗಳ ಹಾನಿ ಮುಂದೆ ಕೈಗೂ ಏರಿದರೆ, ಸುಡುವ ನೀರು ಸುಡುವುದು ತಿಳಿಯದೆ ಹೋಗುತ್ತದೆ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳನ್ನು ಕಡೆಯುವ ಕುಶಲಿಗನಿಗೆ ಕಣ್ಣೇ ಆಧಾರ. ಅಕ್ಷಿಪಟಲದ ಹಾನಿಯು ಬಹುಕಾಲ ನೋವಿಲ್ಲದೆ, ನೋಟವನ್ನೂ ಕೆಡಿಸದೆ ಬೆಳೆಯುವುದರಿಂದ ಆತನು ತಾನಾಗಿ ಕಣ್ಣಿನ ವೈದ್ಯರಲ್ಲಿಗೆ ಹೋಗುವುದಿಲ್ಲ; ಮೊದಲನೆಯ ವೈದ್ಯರೇ ಕಳುಹಿಸಬೇಕು. ಈ ಎರಡು ಪಟ್ಟಣಗಳು ಬೆಂಗಳೂರು–ಮೈಸೂರು ರೈಲುದಾರಿಯ ಮೇಲಿರುವುದರಿಂದ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಹೋಗಿಬರುವುದು ಒಂದು ದಿನದ ಕೆಲಸ.

ಕನಕಪುರ, ಮಾಗಡಿಗಳಿಗೆ ರೈಲಿನ ಅನುಕೂಲವಿಲ್ಲ. ಕನಕಪುರ ತಾಲ್ಲೂಕು ದಕ್ಷಿಣದಲ್ಲಿ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮದವರೆಗೆ ಕಾಡು ಗುಡ್ಡಗಳ ನಡುವೆ ಚಾಚಿಕೊಂಡಿದೆ. ಅಂಚಿನ ಹಳ್ಳಿಯವನಿಗೆ ತಾಲ್ಲೂಕು ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ. ರಕ್ತ ಕೊಡಲು ಒಂದು ದಿನ, ಫಲಿತಾಂಶ ತೋರಿಸಲು ಇನ್ನೊಂದು ದಿನ ಎಂದರೆ ಎರಡು ದಿನದ ಕೂಲಿ. ಆತನು ಮುಂದಿನ ಬಾರಿ ಪರೀಕ್ಷೆಯನ್ನು ಬಿಟ್ಟು ಮಾತ್ರೆಯನ್ನಷ್ಟೇ ಕೊಳ್ಳುತ್ತಾನೆ. ಇದು ವೈದ್ಯರ ದಾಖಲೆಯಲ್ಲಿ ಸೂತ್ರ ತಪ್ಪಿದ ಲೆಕ್ಕವಾಗಿ ಕಾಣುವುದು. ಮೂಲದಲ್ಲಿ ಅದು ಬಸ್ಸಿನ ಮತ್ತು ಕೂಲಿಯ ಲೆಕ್ಕ. ಮಾಗಡಿಯ ರಾಗಿಯ ಹೊಲಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರ ಪಾದವನ್ನು ನೋಡದೆ ಚೀಟಿ ಬರೆಯುವುದು, ಅಪಾಯವಿರುವ ಜಾಗವನ್ನೇ ಬಿಟ್ಟು ಉಳಿದದ್ದನ್ನು ಕಾದಂತೆ.

ಆಹಾರದ ಬುದ್ಧಿಮಾತಿನಲ್ಲಿಯೂ ಇಂಥ ಒಂದು ತೊಡಕಿದೆ. ಅನ್ನ ಬಿಟ್ಟು ಮುದ್ದೆ ತಿನ್ನಿ ಎಂಬಷ್ಟಕ್ಕೆ ಈ ಸೀಮೆಯಲ್ಲಿ ಸಲಹೆ ಮುಗಿಯುವುದುಂಟು. ರಾಗಿಯಲ್ಲಿ ನಾರು, ಸುಣ್ಣದ ಅಂಶಗಳು ಅಕ್ಕಿಗಿಂತ ಹೆಚ್ಚೆಂಬುದು ನಿಜ. ಆದರೆ ಅದರ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಪಿಷ್ಟವೇ. ಮುದ್ದೆಯ ಗಾತ್ರವನ್ನು ಕೇಳದೆ, ಜೊತೆಗೆ ಸೊಪ್ಪು ಕಾಳುಗಳ ಸಾರು ಎಷ್ಟೆಂದು ವಿಚಾರಿಸದೆ ಕೊಡುವ ಸಲಹೆ, ಸೂತ್ರದ ಅಕ್ಷರವನ್ನು ಪಾಲಿಸಿ ಅರ್ಥವನ್ನು ಬಿಟ್ಟಂತೆ.

6. ಸೂತ್ರದ ಮಿತಿ

ಇಷ್ಟು ಹೇಳಿದ ಮೇಲೆ, ಸೂತ್ರವನ್ನು ಕಣ್ಣು ಮುಚ್ಚಿ ಅನುಸರಿಸುವುದೇ ಉತ್ತಮ ವೈದ್ಯವೆಂಬ ಭಾವನೆ ಬರಬಾರದು. ಸಕ್ಕರೆಯನ್ನು ಇನ್ನೂ ಕೆಳಕ್ಕೆ, ಎಚ್‌ಬಿಎ1ಸಿ ಶೇಕಡ 6ರ ಒಳಕ್ಕೆ ಇಳಿಸಿದರೆ ಇನ್ನೂ ಒಳಿತಾಗಬಹುದೆಂದು ಅಮೆರಿಕ ಕೆನಡಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ‘ಅಕಾರ್ಡ್’ ಪ್ರಯೋಗದಲ್ಲಿ, ಬಿಗಿ ಚಿಕಿತ್ಸೆಯ ಗುಂಪಿನಲ್ಲಿ 257 ಸಾವುಗಳೂ ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ 203 ಸಾವುಗಳೂ ಸಂಭವಿಸಿದವು. 2008ರಲ್ಲಿ ಆ ಭಾಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಆದುದರಿಂದಲೇ ಇಂದಿನ ಸೂತ್ರಗಳು ವೃದ್ಧರಿಗೂ ಹೃದ್ರೋಗವಿರುವವರಿಗೂ ಗುರಿಯನ್ನು ಸಡಿಲಗೊಳಿಸುತ್ತವೆ. ಒಂಟಿಯಾಗಿ ಬಾಳುವ ಎಪ್ಪತ್ತೈದರ ವೃದ್ಧೆಗೆ ಸಕ್ಕರೆ ಅತಿಯಾಗಿ ಇಳಿದು ಎಚ್ಚರ ತಪ್ಪುವುದು, ಅದು ತುಸು ಏರಿರುವುದಕ್ಕಿಂತ ಹೆಚ್ಚು ಅಪಾಯಕರ. ಇಂಥಲ್ಲಿ ಗುರಿಯನ್ನು ಬದಲಿಸಿದ ವೈದ್ಯರು ಸೂತ್ರವನ್ನು ಮೀರಿದವರಲ್ಲ, ಅರಿತವರು. ಅನುಸರಣೆಯನ್ನು ಅಳೆಯುವವರು ಅಂಕಿ ತಪ್ಪಿದೆಯೇ ಎಂದು ಮಾತ್ರ ನೋಡದೆ, ತಪ್ಪಿದ್ದಕ್ಕೆ ಕಾರಣ ಬರೆದಿದೆಯೇ ಎಂದೂ ನೋಡಬೇಕು. ಕಾರಣ ಬರೆದಿದ್ದರೆ ಅದು ವಿವೇಚನೆ. ಬರೆಯದಿದ್ದರೆ ಅದನ್ನು ಮರೆವಿನಿಂದ ಬೇರ್ಪಡಿಸುವ ಬಗೆಯಿಲ್ಲ.

7. ತುಂಬುವ ದಾರಿ

ಕಾರಣವು ಅಜ್ಞಾನವೊಂದೇ ಆಗಿದ್ದರೆ ಉಪನ್ಯಾಸಗಳಿಂದ ಪರಿಹಾರವಾಗುತ್ತಿತ್ತು. ತಿಳಿದದ್ದು ನಡೆಯದಿರುವುದೇ ರೋಗವಾದುದರಿಂದ ಮದ್ದೂ ಬೇರೆಯಾಗಬೇಕು. ಭಾರತ ಮತ್ತು ಪಾಕಿಸ್ತಾನದ ಹತ್ತು ಮಧುಮೇಹ ಚಿಕಿತ್ಸಾಲಯಗಳಲ್ಲಿ 1,146 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ದಿಕ್ಕಿನಲ್ಲಿ ಬೆಳಕು ನೀಡುತ್ತದೆ. ಅಲ್ಲಿ ಹೊಸ ಔಷಧವನ್ನೇನೂ ಕೊಡಲಿಲ್ಲ. ವೈದ್ಯರಲ್ಲದ ಒಬ್ಬ ಸಹಾಯಕರು ರೋಗಿಗಳ ಬೆನ್ನುಹತ್ತಿ ವಿಚಾರಿಸಿದರು. ಯಾವ ಪರೀಕ್ಷೆ ಬಾಕಿಯಿದೆ, ಯಾವ ಔಷಧವನ್ನು ಹೆಚ್ಚಿಸಬೇಕು ಎಂಬುದನ್ನು ಗಣಕಯಂತ್ರದ ದಾಖಲೆಯು ವೈದ್ಯರಿಗೆ ನೆನಪಿಸಿತು. ಇಷ್ಟರಿಂದಲೇ ಹಲವು ಗುರಿಗಳನ್ನು ಒಟ್ಟಿಗೆ ಮುಟ್ಟಿದವರ ಪ್ರಮಾಣ ಶೇಕಡ 18.2ಕ್ಕೆ ಏರಿತು, ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ ಅದು 8.1 ಇದ್ದಿತು.

ನಮ್ಮ ಸೀಮೆಯಲ್ಲಿ ಇದಕ್ಕೆ ಬೇಕಾದ ಎಲುಬುಗೂಡು ಈಗಾಗಲೇ ಉಂಟು. 2010ರಲ್ಲಿ ಆರಂಭವಾದ, ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿಯೂ ಪ್ರತ್ಯೇಕ ಚಿಕಿತ್ಸಾಲಯಗಳ ಏರ್ಪಾಡಿದೆ. ಮೂವತ್ತು ದಾಟಿದವರ ಮನೆಗಳಿಗೆ ಆಶಾ ಕಾರ್ಯಕರ್ತೆಯರು ಪ್ರಶ್ನಾವಳಿಯೊಡನೆ ಹೋಗುತ್ತಾರೆ. 2024ರಲ್ಲಿ ಕೋಲಾರದಲ್ಲಿ ಮೊದಲಾದ ರಾಜ್ಯದ ಗೃಹ ಆರೋಗ್ಯ ಯೋಜನೆಯೂ ಮನೆಬಾಗಿಲಿನ ತಪಾಸಣೆಯದೇ. ಆದರೆ ಪತ್ತೆಹಚ್ಚುವುದು ಮೊದಲ ಮೆಟ್ಟಿಲು ಮಾತ್ರ. ಪತ್ತೆಯಾದವನಿಗೆ ಮುಂದಿನ ಹತ್ತು ವರ್ಷ ಏನೇನು ದೊರೆಯಿತು ಎಂಬುದಕ್ಕೆ ಉತ್ತರ ಸಿಗಬೇಕಾದರೆ ರೋಗಿಯ ಕೈಯಲ್ಲಿಯೇ ಒಂದು ಪುಸ್ತಕವಿರಬೇಕು. ಇಲ್ಲಿನ ರೋಗಿಯು ಒಮ್ಮೆ ಸರ್ಕಾರಿ ಆಸ್ಪತ್ರೆಗೂ ಒಮ್ಮೆ ಪೇಟೆಯ ಖಾಸಗಿ ವೈದ್ಯರಲ್ಲಿಗೂ ಮತ್ತೊಮ್ಮೆ ಬೆಂಗಳೂರಿಗೂ ಹೋಗುವವನು. ದಾಖಲೆಯು ಆತನೊಡನೆ ಪ್ರಯಾಣ ಮಾಡದಿದ್ದರೆ ಪ್ರತಿಯೊಬ್ಬ ವೈದ್ಯರೂ ಮೊದಲನೆಯ ಪುಟದಿಂದಲೇ ಆರಂಭಿಸಬೇಕಾಗುತ್ತದೆ. ಒಂದೇ ಹಾಳೆಯಲ್ಲಿ ಸಕ್ಕರೆ, ರಕ್ತದೊತ್ತಡ, ಕೊಬ್ಬು, ಮೂತ್ರಪಿಂಡ, ಕಣ್ಣು, ಪಾದ ಎಂಬ ಆರು ಕಂಬಸಾಲುಗಳಿದ್ದು, ಪ್ರತಿ ಭೇಟಿಗೆ ಒಂದು ಸಾಲು ತುಂಬುತ್ತ ಹೋದರೆ ಖಾಲಿ ಉಳಿದ ಜಾಗವೇ ಬಾಕಿಯನ್ನು ಹೇಳುತ್ತದೆ. ಪಾದದ ಪರೀಕ್ಷೆಯನ್ನೂ ರಕ್ತದೊತ್ತಡದ ಅಳತೆಯನ್ನೂ, ಸರದಿಯಲ್ಲಿ ಕಾಯುವ ಹೊತ್ತಿನಲ್ಲಿಯೇ, ತರಬೇತಿ ಪಡೆದ ದಾದಿಯರು ಮಾಡಿ ಮುಗಿಸಬಹುದು. ಬಿಡುವಿಲ್ಲದ ವೈದ್ಯರಿಗೆ ಹೊಸ ಹೊರೆಯನ್ನು ಹೊರಿಸದೆ ಇರುವುದನ್ನು ಹಂಚುವುದು ಇದರ ಉದ್ದೇಶ.

ಈ ವಿಷಯವನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಇಷ್ಟು. ವೈದ್ಯರ ಜ್ಞಾನವನ್ನು ಪರೀಕ್ಷಿಸುವ ಪ್ರಶ್ನಾವಳಿಯಲ್ಲಿಯೇ ಅಧ್ಯಯನವನ್ನು ಮುಗಿಸಬೇಡಿ. ದಾಖಲೆಯನ್ನು ಓದಿ, ಚಿಕಿತ್ಸಾಲಯದಿಂದ ಹೊರಬರುವ ರೋಗಿಯನ್ನು ಮಾತನಾಡಿಸಿ. ಒಂದೊಂದು ಅಂಶದ ಶೇಕಡಾವಾರನ್ನು ಮಾತ್ರ ಕೊಡದೆ, ಎಲ್ಲವನ್ನೂ ಪಡೆದವರ ಸಂಖ್ಯೆಯನ್ನೂ ಕೊಡಿ. ಸರ್ಕಾರಿ, ಖಾಸಗಿ ಎರಡನ್ನೂ ಸೇರಿಸಿ. ದೂರದ ಹೋಬಳಿಗಳನ್ನು ಬಿಡಬೇಡಿ. ‘ಕಳೆದ ಒಂದು ವರ್ಷದಲ್ಲಿ ಯಾರಾದರೂ ನಿಮ್ಮ ಚಪ್ಪಲಿ ಬಿಡಿಸಿ ಪಾದ ನೋಡಿದರೇ?’ ಎಂಬ ಪ್ರಶ್ನೆಗೆ ಓದುಬರಹ ಬಾರದ ರೋಗಿಯೂ ಉತ್ತರಿಸಬಲ್ಲನು. ಸೂತ್ರವು ಆತನನ್ನು ಮುಟ್ಟಿದೆಯೇ ಇಲ್ಲವೇ ಎಂಬುದು ಆ ಉತ್ತರದಿಂದ ತಿಳಿಯುತ್ತದೆ.